ಡಿಶ್ ಇಳಿಸೋದಾ, ಇರಲಿ ಬಿಡೋದಾ?

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. "ಫೈಬರ್ ಬಂದ ಮನೆಯಲ್ಲಿ ಡಿಶ್ ಇನ್ನೂ ಯಾಕಿದೆ ಅಂತ ಒಮ್ಮೆ ಯೋಚಿಸಿ" ಎಂದು ಒಂದು ಸಾಲು ಬರೆದು ತುಂಬಿಸಿದ್ದೆ. ಆ ಸಾಲಿಗೆ ಬಂದಷ್ಟು ಪತ್ರ ಈ ಅಂಕಣಕ್ಕೆ ಹಿಂದೆಂದೂ ಬಂದಿಲ್ಲ. ಅರ್ಧ ಜನ ಬೈದಿದ್ದಾರೆ. ಅದಕ್ಕೇ ಈ ಸಲ ಪೂರ್ತಿ ಇದೇ ವಿಷಯ.

ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಸಾಗರದಲ್ಲಿ 1995ರಿಂದ ಇಪ್ಪತ್ತಮೂರು ವರ್ಷ ಕೇಬಲ್ ನಡೆಸಿದವನು. ಅಡಿಕೆ ಮರದಿಂದ ಅಡಿಕೆ ಮರಕ್ಕೆ ವೈರು ಎಳೆದಿದ್ದೇನೆ. ಮಂಗಗಳು ಅದರ ಮೇಲೆ ಜೋಕಾಲಿ ಆಡುವುದನ್ನು ಕೆಳಗೆ ನಿಂತು ನೋಡಿದ್ದೇನೆ. ಈಗ ಅದೇ ದಾರಿಯಲ್ಲಿ ಮಗ ಫೈಬರ್ ಎಳೆಯುತ್ತಾನೆ. ನಾನು ಮನೆಯಲ್ಲಿ ಕೂತು ಗಿರಾಕಿಗಳ ಫೋನ್ ಎತ್ತುತ್ತೇನೆ.

"ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ ನಾನು, ನಮ್ಮನೆಯವರು ಇಬ್ಬರೇ. ಡಿಶ್‌ಗೆ ತಿಂಗಳಿಗೆ 380 ರೂಪಾಯಿ ಕಟ್ಟುತ್ತೇನೆ. ಯುಗಾದಿಗೆ ಬಂದ ಮಗ ಫೈಬರ್ ಹಾಕಿಸಿ, 'ಡಿಶ್ ತೆಗೆಸಿಬಿಡಿ ಅಪ್ಪ, ಎಲ್ಲ ಇದರಲ್ಲೇ ಬರುತ್ತೆ' ಎಂದು ಹೇಳಿ ಬೆಂಗಳೂರಿಗೆ ಹೋದ. 40 ಎಂಬಿಪಿಎಸ್ ಪ್ಲಾನ್. ಇಷ್ಟು ಸಾಕಾ? ದುಡ್ಡು ನಿಜಕ್ಕೂ ಉಳಿಯುತ್ತಾ?"
— ಓದುಗರೊಬ್ಬರು, ಶಿಕಾರಿಪುರ

ಮೇಷ್ಟ್ರೇ, ಮೊದಲು ವೇಗದ ಲೆಕ್ಕ ಮುಗಿಸೋಣ, ಅದು ಸುಲಭ. ನೆಟ್‌ಫ್ಲಿಕ್ಸ್ ತನ್ನ ಗಿರಾಕಿಗಳಿಗೆ ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಬೇಕು, 4ಕೆ ಚಿತ್ರಕ್ಕೆ 15. ಉಳಿದ ಆ್ಯಪ್‌ಗಳದ್ದೂ ಹೆಚ್ಚುಕಮ್ಮಿ ಇದೇ ಆಸುಪಾಸು. ನೀವು ಹಾಲ್‌ನಲ್ಲಿ ಒಂದು, ನಿಮ್ಮನೆಯವರು ಒಳಗೆ ಇನ್ನೊಂದು ಎಚ್‌ಡಿಯಲ್ಲಿ ನೋಡಿದರೂ ಹತ್ತರ ಆಸುಪಾಸು. ಮಿಕ್ಕ 30 ಸುಮ್ನೆ ಬಿದ್ದಿರುತ್ತದೆ. "ಸರ್, 200ಕ್ಕೆ ಅಪ್‌ಗ್ರೇಡ್ ಮಾಡಿಸಿಕೊಳ್ಳಿ" ಎಂದು ಇನ್ನು ಮೇಲೆ ವಾರಕ್ಕೊಂದು ಫೋನ್ ಬರುತ್ತದೆ. ನಮಸ್ಕಾರ ಹೇಳಿ ಇಟ್ಟುಬಿಡಿ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2013ರಲ್ಲಿ 512 ಕೆಬಿಪಿಎಸ್ ಇದ್ದರೆ ಸಾಕಿತ್ತು. 2023ರ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಅದರ ಇಪ್ಪತ್ತರಷ್ಟು ನಿಮ್ಮ ಮನೆಯಲ್ಲಿದೆ.

ದುಡ್ಡಿನ ಲೆಕ್ಕ ಇಷ್ಟು ನೇರ ಅಲ್ಲ. ಡಿಶ್ ಬಿಲ್‌ನಲ್ಲಿ ಎರಡು ಭಾಗ ಇರುತ್ತದೆ. ಒಂದು ನೆಟ್‌ವರ್ಕ್ ಶುಲ್ಕ, ಇನ್ನೊಂದು ಚಾನೆಲ್‌ಗಳ ಬೆಲೆ. 2019ರ ಫೆಬ್ರುವರಿಯಲ್ಲಿ, ಫೋನ್, ಟಿವಿ ಕಂಪನಿಗಳಿಗೆ ನಿಯಮ ಹಾಕುವ ಟ್ರಾಯ್‌ನ ಹೊಸ ನಿಯಮ ಬಂದಾಗ ಮೊದಲ 100 ಚಾನೆಲ್‌ಗೆ ಆ ಶುಲ್ಕ 130 ರೂಪಾಯಿ ದಾಟಬಾರದು ಎಂದಿತ್ತು. ಶೇಕಡ 18 ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ. ಆ ಅಂಕಿ ನನಗೆ ಬಾಯಿಪಾಠ, ಯಾಕೆಂದರೆ ಆ ವರ್ಷ ಊರವರೆಲ್ಲ ಅದನ್ನು ಹಿಡಿದು ಕೇಬಲ್‌ನವರ ಹತ್ತಿರ ಜಗಳ ಆಡಿದ್ದರು. 2024ರ ಜುಲೈಯಲ್ಲಿ ಆ ಮಿತಿ ತೆಗೆದರು. ಶುಲ್ಕ ಎಷ್ಟು ಅಂತ ಈಗ ಕಂಪನಿಯವರೇ ಗೊತ್ತು ಮಾಡುತ್ತಾರೆ. ಆದರೆ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿಕೊಳ್ಳುವ ಹಕ್ಕು ನಿಮಗೆ ಹಾಗೇ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪ್ಯಾಕ್ ಮಾರಿದರೆ ಅವರಿಗೆ ಲಾಭ. ಒಂದು ಸಂಜೆ ಇಬ್ಬರೂ ಕೂತು, ಹೋದ ವಾರ ನಿಜವಾಗಿ ನೋಡಿದ ಚಾನೆಲ್‌ಗಳ ಹೆಸರು ಬರೆಯಿರಿ. ನಮ್ಮ ಮನೆಯ ಪಟ್ಟಿ ಏಳು ದಾಟಲಿಲ್ಲ. ಅದರಲ್ಲಿ ಚಂದನ ಹೇಗೂ ಬಿಟ್ಟಿ.

ಈಗ ಆ್ಯಪ್ ಕಡೆ ನೋಡಿ. "ಎಲ್ಲ ಇದರಲ್ಲೇ ಬರುತ್ತೆ" ಎಂದ ಮಗ, ಎಲ್ಲ ಒಂದೇ ಚಂದಾದಲ್ಲಿ ಬರುತ್ತದೆ ಎಂದು ಹೇಳಿಲ್ಲ, ಗಮನಿಸಿ. ಜೀ ಕನ್ನಡದ ಧಾರಾವಾಹಿಗೆ ಜೀ5. ಉದಯದ್ದು ಬೇಕಾದರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ, ಸುವರ್ಣ ಎರಡಕ್ಕೂ ಜಿಯೋಹಾಟ್‌ಸ್ಟಾರ್. ಇದೂ 2025ರ ಫೆಬ್ರುವರಿ ತನಕ ಎರಡು ಬೇರೆ ಆ್ಯಪ್ ಆಗಿತ್ತು. ನಿಮ್ಮನೆಯವರು ಯಾವ ಧಾರಾವಾಹಿ ನೋಡುತ್ತಾರೆ ಅನ್ನುವುದರ ಮೇಲೆ ಒಂದು ಚಂದಾ ಸಾಕೋ ಮೂರು ಬೇಕೋ ತೀರ್ಮಾನ ಆಗುತ್ತದೆ. ಮೂರು ಬೇಕಾದರೆ ನಿಮ್ಮ ಉಳಿತಾಯ ಅಲ್ಲಿಗೇ ಕರಗಿತು.

ಇನ್ನೊಂದು ಮಾತು ಇದೆ. ಅದಕ್ಕೆ ನಮ್ಮಮ್ಮನ ಕತೆ ಹೇಳಬೇಕು. ಅಮ್ಮನಿಗೆ ಎಂಬತ್ತನಾಲ್ಕು. ಡಿಶ್ ರಿಮೋಟಿನಲ್ಲಿ ಅವರಿಗೆ ಮೂರು ನಂಬರು ಗೊತ್ತು, ಕಣ್ಣು ಮುಚ್ಚಿ ಒತ್ತುತ್ತಾರೆ. ಎರಡು ವರ್ಷದ ಹಿಂದೆ ನಾನೂ ನಿಮ್ಮ ಮಗನ ಹಾಗೆ ಉತ್ಸಾಹದಲ್ಲಿ ಡಿಶ್ ಬಿಚ್ಚಿಸಿ ಸ್ಮಾರ್ಟ್ ಟಿವಿ ತಂದಿಟ್ಟೆ. ಮೊದಲ ದಿನ ಆ್ಯಪ್ ತೆರೆದಾಗ "ಯಾರು ನೋಡುತ್ತಿದ್ದೀರಿ?" ಎನ್ನುವ ಪರದೆ ಬಂತು. ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. "ನಾನೇ ಮಾರಾಯ, ಇನ್ಯಾರು?" ಅಂದರು ಅಮ್ಮ, ಟಿವಿಗೆ. ನಾವೆಲ್ಲ ನಕ್ಕೆವು. ಮೂರನೇ ವಾರ ಆ್ಯಪ್ ತಾನಾಗಿ ಲಾಗೌಟ್ ಆಯಿತು. ಮತ್ತೆ ಒಳಗೆ ಹೋಗಲು ಓಟಿಪಿ ಬೇಕು. ಓಟಿಪಿ ಹೋಗುವುದು ಪುಣೆಯಲ್ಲಿರುವ ನನ್ನ ತಮ್ಮನ ಮಗನ ಫೋನಿಗೆ. ಅವನು ಆಫೀಸಿನ ಮೀಟಿಂಗ್‌ನಲ್ಲಿದ್ದ. ಅಮ್ಮ ಕಪ್ಪು ಪರದೆ ನೋಡುತ್ತಾ ಮುಕ್ಕಾಲು ಗಂಟೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಆಗ ನಗು ಬರಲಿಲ್ಲ. ಮಾರನೇ ವಾರ ಡಿಶ್ ವಾಪಸ್ ಹತ್ತಿಸಿದೆ.

ಹಾಗಾಗಿ ನೀವು ಎರಡು ತಿಂಗಳು ಎರಡನ್ನೂ ಇಟ್ಟುಕೊಳ್ಳಿ. ಡಿಶ್‌ನಲ್ಲಿ ಪಟ್ಟಿಯಲ್ಲಿರುವ ಚಾನೆಲ್ ಮಾತ್ರ ಉಳಿಸಿ. ಎರಡು ತಿಂಗಳಾದ ಮೇಲೆ ಯಾವ ರಿಮೋಟಿನ ಮೇಲೆ ದೂಳು ಕೂತಿದೆ ನೋಡಿ. ತೀರ್ಮಾನ ಮಗನದ್ದಲ್ಲ, ನನ್ನದೂ ಅಲ್ಲ. ದಿನಾ ರಿಮೋಟ್ ಹಿಡಿಯುವವರದ್ದು.

"200 ಎಂಬಿಪಿಎಸ್ ಪ್ಲಾನ್ ಇದೆ. ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 190 ತೋರಿಸುತ್ತದೆ. ಆದರೆ ಬೆಡ್‌ರೂಮ್ ಟಿವಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಸುತ್ತುತ್ತಾ ನಿಲ್ಲುತ್ತದೆ. ಕಂಪನಿಯವರು 300ಕ್ಕೆ ಹೋಗಿ ಅನ್ನುತ್ತಿದ್ದಾರೆ. ಹೋಗಲಾ?"
— ಗೃಹಿಣಿ, ರಾಜರಾಜೇಶ್ವರಿ ನಗರ, ಬೆಂಗಳೂರು

ಹೋಗಬೇಡಿ ಮೇಡಂ. ಮನೆ ಬಾಗಿಲ ತನಕ 200 ಬಂದಿದೆ. ಬಾಗಿಲಿಂದ ಮಂಚದ ತನಕ ಬರುತ್ತಿಲ್ಲ. ಬಾಗಿಲಿಗೆ 300 ತಂದು ಸುರಿದರೂ ಮಂಚದ ಹತ್ತಿರ ಅಷ್ಟೇ ಇರುತ್ತದೆ.

ಒಂದು ಕೆಲಸ ಮಾಡಿ. ಫೋನ್ ತೆಗೆದುಕೊಂಡು ಆ ಟಿವಿಯ ಹಿಂಭಾಗಕ್ಕೆ ತಾಗಿಸಿ ಹಿಡಿದು ಟೆಸ್ಟ್ ಮಾಡಿ, ಸೋಫಾದಲ್ಲಿ ಕೂತಲ್ಲ. ಟಿವಿಯಲ್ಲೇ ಬ್ರೌಸರ್ ಇದ್ದರೆ ಫಾಸ್ಟ್ ಡಾಟ್ ಕಾಮ್ ತೆರೆಯಿರಿ. ಅದು ನೆಟ್‌ಫ್ಲಿಕ್ಸ್‌ನವರದ್ದೇ, ಜಾಹೀರಾತಿಲ್ಲ. ಅಲ್ಲಿ 8, 10 ಅಂತ ಕುಣಿದರೆ ನನಗೆ ಆಶ್ಚರ್ಯ ಆಗುವುದಿಲ್ಲ.

ಹೋದ ವರ್ಷ ಬೆಂಗಳೂರಲ್ಲಿ ತಂಗಿಯ ಮನೆಗೆ ಹೋದಾಗ ಇದೇ ಗೋಳು. ರೂಟರ್ ಎಲ್ಲಿದೆ ಎಂದು ಕೇಳಿದೆ. ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಫೈಬರ್ ಬಂದು ಸೇರುವ ಓಎನ್‌ಟಿ, ವೈಫೈ ಕೊಡುವ ರೂಟರೂ ಅದೇ. ಪೆಟ್ಟಿಗೆಗೆ ಬಾಗಿಲು, ಬಾಗಿಲ ಮುಂದೆ ಚಪ್ಪಲಿ ಸ್ಟ್ಯಾಂಡ್. ವೈಫೈಗೆ ತಗಡೆಂದರೆ ಕೋಟೆ ಗೋಡೆ. ಬಿಲ್ಡರ್‌ಗಳಿಗೆ ಅದು ಅಚ್ಚುಕಟ್ಟಾಗಿ ಕಾಣಬೇಕು, ಅಷ್ಟೇ. ಪೆಟ್ಟಿಗೆಯಿಂದ ಅದನ್ನು ಹೊರಗೆ ತಂದು ಟಿವಿ ಯೂನಿಟ್ ಮೇಲಿಟ್ಟದ್ದಕ್ಕೇ ಅರ್ಧ ತೊಂದರೆ ಹೋಯಿತು.

ಉಳಿದರ್ಧ ಗೋಡೆಗಳದ್ದು. ವೈಫೈಯಲ್ಲಿ ಎರಡು ಬ್ಯಾಂಡ್ ಇವೆ. 2.4 ಗಿಗಾಹರ್ಟ್ಸ್‌ನದು ದೂರ ಹೋಗುತ್ತದೆ, ಆದರೆ ನಿಧಾನ. ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮನೆ, ಕೆಳಗಿನ ಮನೆ, ಪಕ್ಕದ ಮನೆ ಎಲ್ಲರೂ ಅದರಲ್ಲೇ ಕೂಗುತ್ತಿರುತ್ತಾರೆ. 5 ಗಿಗಾಹರ್ಟ್ಸ್‌ನದು ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತು. ಕಡಿಮೆ ಬೆಲೆಯ ಎಷ್ಟೋ ಟಿವಿಗಳಲ್ಲಿ 2.4 ಮಾತ್ರ ಇರುತ್ತದೆ. ನಮ್ಮ ಕರಾವಳಿ ಕಡೆಯ ಕೆಂಪುಕಲ್ಲಿನ ಹಳೇ ಮನೆಗಳಲ್ಲಂತೂ ಒಂದು ಗೋಡೆಯೇ ಸಾಕು.

ಎಲ್ಲಕ್ಕಿಂತ ಒಳ್ಳೆಯ ಔಷಧಿ ಹಳೆಯದೇ: ವೈರು. ರೂಟರಿಂದ ಟಿವಿಗೆ ಒಂದು ಲ್ಯಾನ್ ಕೇಬಲ್. ಹಳೇ ಕೇಬಲ್ ಟಿವಿ ವೈರು ಹೋದ ಪೈಪ್ ಗೋಡೆಯಲ್ಲಿ ಹೇಗೂ ಇರುತ್ತದೆ. ಆ ವೈರಿನ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಅದರ ಹಿಂದೆ ಇದು ಬರುತ್ತದೆ. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ, 4ಕೆ ಚಿತ್ರಕ್ಕೆ ಬೇಕಾದದ್ದು 15 ಅಲ್ವಾ?

ಅಂದಹಾಗೆ, "200 ಅಂತಾರೆ, ಡೌನ್‌ಲೋಡ್ ಮಾಡಿದರೆ 25 ತೋರಿಸುತ್ತೆ, ಮೋಸ" ಎಂದು ಇನ್ನೂ ನಾಲ್ಕು ಜನ ಬರೆದಿದ್ದಾರೆ. ಮೋಸ ಇಲ್ಲ. ಕಂಪನಿಯವರು ಹೇಳುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 200ನ್ನು ಎಂಟರಿಂದ ಭಾಗಿಸಿ.

"ಬೆಳಗ್ಗೆ ಚೆನ್ನಾಗಿರುತ್ತದೆ. ರಾತ್ರಿ ಎಂಟರಿಂದ ಹತ್ತರವರೆಗೆ ಸೀರಿಯಲ್ ನೋಡುವ ಹೊತ್ತಿಗೇ ನಿಧಾನ. ಅದೂ ಯೂಟ್ಯೂಬ್ ಸರಿಯಾಗಿ ಓಡುತ್ತದೆ, ಬೇರೆ ಆ್ಯಪ್ ನಿಲ್ಲುತ್ತದೆ. ಯಾಕೆ?"
— ಚಿತ್ರದುರ್ಗದಿಂದ ಒಬ್ಬರು

ಇದಕ್ಕೆ ಉತ್ತರಿಸಿದರೆ ಮಗ ಬೈಯುತ್ತಾನೆ. ಆದರೂ ಹೇಳುತ್ತೇನೆ.

ನಿಮ್ಮ ಮನೆಗೆ ಬರುವ ಫೈಬರ್ ನಿಮ್ಮೊಬ್ಬರದ್ದಲ್ಲ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಜಿಪಾನ್ ಪದ್ಧತಿಯಲ್ಲಿ ಒಂದು ಎಳೆಯಲ್ಲಿ ಸುಮಾರು 2,500 ಎಂಬಿಪಿಎಸ್ ಕೆಳಗೆ ಬರುತ್ತದೆ. ಅದನ್ನು ಕಂಬದ ಮೇಲಿನ ಸ್ಪ್ಲಿಟರ್‌ನಲ್ಲಿ 32 ಅಥವಾ 64 ಮನೆಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುವುದಿಲ್ಲ ಎಂಬ ಧೈರ್ಯದ ಮೇಲೆ ಈ ವ್ಯಾಪಾರ ನಿಂತಿದೆ. ಅದು ತಪ್ಪಲ್ಲ, ಎಲ್ಲ ಕಡೆ ಹೀಗೇ. ತಪ್ಪಾಗುವುದು ಅದರ ಹಿಂದೆ, ಆಪರೇಟರ್ ದೊಡ್ಡ ಕಂಪನಿಯಿಂದ ಸಗಟಾಗಿ ಕೊಳ್ಳುವ ಕಡೆ. ಗಿರಾಕಿಗಳು ಐವತ್ತರಿಂದ ಐನೂರು ಆದರೂ ಹಳೇ ಅಳತೆಯನ್ನೇ ಕೊಳ್ಳುತ್ತಿದ್ದರೆ, ಎಲ್ಲರೂ ಊಟ ಮುಗಿಸಿ ಟಿವಿ ಮುಂದೆ ಕೂರುವ ಹೊತ್ತಿಗೆ ಗಂಟಲು ಕಟ್ಟುತ್ತದೆ. ಪ್ಲಾನ್ ಏರಿಸಿದರೆ ಇದು ಸರಿಹೋಗುವುದಿಲ್ಲ. ನಿಮ್ಮ ಆಪರೇಟರ್ ಹತ್ತಿರ ಜಗಳ ಮಾಡಿದರೆ ಹೋಗಬಹುದು.

ಯೂಟ್ಯೂಬ್ ಓಡುವುದಕ್ಕೆ ಕಾರಣ ಬೇರೆ. ಗೂಗಲ್, ನೆಟ್‌ಫ್ಲಿಕ್ಸ್ ಇಬ್ಬರೂ ಜನ ಜಾಸ್ತಿ ನೋಡುವ ವಿಡಿಯೊಗಳ ಪ್ರತಿ ತುಂಬಿದ ಸರ್ವರ್‌ಗಳನ್ನು ಇಂಟರ್ನೆಟ್ ಕಂಪನಿಗಳ ಜಾಗದಲ್ಲೇ ಇಡುತ್ತಾರೆ. ಹಾಗಾಗಿ ನೀವು ನೋಡುವ ಚಿತ್ರ ಅಮೆರಿಕದಿಂದ ಬರಬೇಕಾಗಿಲ್ಲ, ಹತ್ತಿರದ ಉಗ್ರಾಣದಿಂದಲೇ ಬರುತ್ತದೆ. ಅಂಥ ಉಗ್ರಾಣ ಹತ್ತಿರ ಇಲ್ಲದ ಆ್ಯಪ್ ದೂರದಿಂದ ತರಬೇಕು. ರಾತ್ರಿ ದಟ್ಟಣೆಯಲ್ಲಿ ಮೊದಲು ಸಿಕ್ಕಿಬೀಳುವುದು ಅದೇ.

"ಕ್ರಿಕೆಟ್ ನೋಡುವಾಗ ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಿರುತ್ತಾನೆ, ಪಕ್ಕದ ಮನೆಯಲ್ಲಿ ಆಗಲೇ ಕೂಗಾಟ. ನಮ್ಮದು 100 ಎಂಬಿಪಿಎಸ್, ಅವರದ್ದು ಹಳೇ ಡಿಶ್. ಆಕಾಶಕ್ಕೆ ಹೋಗಿ ಬರುವ ಸಿಗ್ನಲ್ ನಮಗಿಂತ ಮುಂಚೆ ಹೇಗೆ ಬರುತ್ತದೆ?"
— ಕಾಲೇಜು ವಿದ್ಯಾರ್ಥಿ, ಹಾಸನ

2025ರ ಜೂನ್ 3, ಐಪಿಎಲ್ ಫೈನಲ್. ನಮ್ಮ ಮನೆಯಲ್ಲಿ ಕೆಳಗೆ ನಾನು, ಅಮ್ಮ ಡಿಶ್‌ನಲ್ಲಿ ನೋಡುತ್ತಿದ್ದೆವು. ಮಹಡಿಯಲ್ಲಿ ಮಗ, ಅವನ ಗೆಳೆಯರು ಆ್ಯಪ್‌ನಲ್ಲಿ. ಕೊನೆ ಓವರ್‌ಗೆ ಪಂಜಾಬ್‌ಗೆ 29 ರನ್ ಬೇಕಿತ್ತು. ಹೇಜಲ್‌ವುಡ್ ಮೊದಲ ಎರಡು ಬಾಲಿಗೆ ರನ್ ಕೊಡಲಿಲ್ಲ. ಉಳಿದ ನಾಲ್ಕಕ್ಕೆ ನಾಲ್ಕೂ ಸಿಕ್ಸರ್ ಹೊಡೆದರೂ 24. ಅಲ್ಲಿಗೆ ಮುಗಿಯಿತು, ಹದಿನೆಂಟು ವರ್ಷದ ಕಾಯುವಿಕೆ. ನಾನು ಕುರ್ಚಿಯಿಂದ ಎದ್ದು ಕೂಗಿದೆ, ಬೀದಿಯಲ್ಲಿ ಪಟಾಕಿ ಸಿಡಿಯಿತು. ಮಹಡಿಯಲ್ಲಿ ಇನ್ನೂ ಮೊದಲ ಬಾಲೇ ಆಗಿತ್ತಂತೆ. ಮಗ ಕೆಳಗೆ ಓಡಿ ಬಂದ. ಊರಿಗೆಲ್ಲ ಇಂಟರ್ನೆಟ್ ಕೊಡುವವನು ಆ ಕ್ಷಣ ಅಜ್ಜಿಯ ಡಿಶ್ ಮುಂದೆ ನಿಂತಿದ್ದ. ನನಗೆ ಆ ವಿಷಯದಲ್ಲಿ ಆದ ಸಂತೋಷ ಆರ್‌ಸಿಬಿ ಗೆದ್ದದ್ದಕ್ಕಿಂತ ಕಮ್ಮಿಯೇನಲ್ಲ.

ಕಾರಣ ಕೇಳಿ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹೋಗಿ ಬರಲು 72,000. ರೇಡಿಯೊ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಕಾಲು ಸೆಕೆಂಡ್ ಸಾಕು. ಚಿತ್ರವನ್ನು ಒತ್ತಿ ಚಿಕ್ಕದು ಮಾಡುವುದು, ಮತ್ತೆ ಬಿಡಿಸುವುದು ಸೇರಿದರೂ ಕೆಲವು ಸೆಕೆಂಡ್. ಆ್ಯಪ್‌ನಲ್ಲಿ ಆಟವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದೊಂದು ತುಂಡನ್ನೂ ಬೇರೆ ಬೇರೆ ಗುಣಮಟ್ಟದಲ್ಲಿ ಮಾಡಿ, ಸರ್ವರ್‌ಗಳಿಗೆ ಹಂಚುತ್ತಾರೆ. ನಿಮ್ಮ ಟಿವಿ ಮೂರ್ನಾಲ್ಕು ತುಂಡು ಕೈಯಲ್ಲಿ ಇಟ್ಟುಕೊಂಡೇ ತೋರಿಸಲು ಶುರು ಮಾಡುತ್ತದೆ, ಮಧ್ಯೆ ನಿಲ್ಲಬಾರದಲ್ಲ ಅಂತ. ಇದೆಲ್ಲ ಸೇರಿ ಇಪ್ಪತ್ತು, ಮೂವತ್ತು ಸೆಕೆಂಡ್ ಹಿಂದೆ ಬೀಳುವುದು ಮಾಮೂಲು. 100 ಎಂಬಿಪಿಎಸ್ ಅನ್ನು 1,000 ಮಾಡಿದರೂ ಇದು ಅಷ್ಟೇ. ಪಕ್ಕದ ಮನೆಯವರ ಹತ್ತಿರ ಚೆನ್ನಾಗಿರಿ, ಫೈನಲ್ ದಿನ ಅಲ್ಲಿಗೆ ಹೋಗಿ.

"ಜೋರು ಮಳೆ ಬಂದರೆ ಡಿಶ್ 'ಸಿಗ್ನಲ್ ಇಲ್ಲ' ಅನ್ನುತ್ತದೆ. ಫೈಬರ್ ಹಾಕಿಸಿದೆವು. ಈಗ ಮಳೆಗಾಲದಲ್ಲಿ ವಾರಗಟ್ಟಲೆ ಫೈಬರೂ ಇಲ್ಲ. ಮೊದಲು ಕೇಬಲ್ ಇದ್ದಾಗ ಮಳೆಯಲ್ಲೂ ಬರುತ್ತಿತ್ತು. ಯಾವುದನ್ನು ನಂಬುವುದು?"
— ತೋಟದ ಮನೆಯವರು, ಕೊಪ್ಪ

ನಿಮ್ಮ ನೆನಪು ಸರಿ ಇದೆ, ಕೇಬಲ್ ಮಳೆಗೆ ಹೆದರುತ್ತಿರಲಿಲ್ಲ. ನಮ್ಮ ಮಹಡಿ ಮೇಲಿದ್ದ ಹತ್ತು, ಹನ್ನೆರಡು ಅಡಿಯ ದೊಡ್ಡ ಡಿಶ್‌ಗಳು ಸಿ ಬ್ಯಾಂಡ್‌ನವು. ಅದರ ಅಲೆಯ ಉದ್ದ ಏಳೂವರೆ ಸೆಂಟಿಮೀಟರ್ ಆಸುಪಾಸು, ಮಳೆ ಹನಿ ಅದಕ್ಕೆ ಲೆಕ್ಕಕ್ಕಿಲ್ಲ. ನಿಮ್ಮ ಮನೆಯ ಎರಡಡಿಯ ಡಿಶ್ ಹಿಡಿಯುವುದು ಕೆಯು ಬ್ಯಾಂಡ್. ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್. ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ. ಡಿಶ್ ಚಿಕ್ಕದಾಗಬೇಕಾದರೆ ಈ ಬೆಲೆ ತೆರಲೇಬೇಕು.

ಆದರೆ ಸಾಧಾರಣ ಮಳೆಗೂ ಹೋಗುತ್ತಿದ್ದರೆ ತಪ್ಪು ಮಳೆಯದ್ದಲ್ಲ. ಬಿಸಿಲಿರುವ ದಿನ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಸಿಗ್ನಲ್ ಎಷ್ಟಿದೆ ನೋಡಿ. ಆಗಲೇ ಅಂಚಿನಲ್ಲಿದ್ದರೆ ಡಿಶ್ ಅಲುಗಿದೆ, ಇಲ್ಲವೇ ಮರ ಬೆಳೆದಿದೆ. ನಮ್ಮ ಕಡೆಯಿಂದ ಆ ಉಪಗ್ರಹಗಳು ಹೆಚ್ಚಾಗಿ ಆಗ್ನೇಯಕ್ಕಿವೆ. ಡಿಶ್ ಕೂರಿಸಿದ ವರ್ಷ ಮೊಣಕಾಲೆತ್ತರ ಇದ್ದ ಸಿಲ್ವರ್ ಓಕ್ ಈಗ ಎಷ್ಟೆತ್ತರ ಇದೆ, ಹೊರಗೆ ಬಂದು ನೋಡಿ. ಎಲ್‌ಎನ್‌ಬಿ, ಅಂದರೆ ಡಿಶ್ ಮುಂದಿನ ಆ ಮೂತಿ, ಅದರ ಮುಚ್ಚಳ ಬಿರುಕು ಬಿಟ್ಟು ನೀರು ಇಳಿದಿರಬಹುದು. ಕಣಜ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ.

ಫೈಬರ್ ವಿಷಯ. ಗಾಜಿನ ಎಳೆಗೆ ಮಳೆ ಏನೂ ಮಾಡುವುದಿಲ್ಲ. ಮಳೆ ಬೀಳಿಸಿದ ಮರ ಮಾಡುತ್ತದೆ. ಅಳಿಲು, ಇಲಿ ಕಡಿಯುತ್ತವೆ. ಓಎನ್‌ಟಿಯಲ್ಲಿ 'ಲಾಸ್' ಎಂಬ ದೀಪ ಕೆಂಪಾದರೆ ಬೆಳಕು ಮನೆ ತನಕ ಬಂದೇ ಇಲ್ಲ ಅಂತ ಅರ್ಥ. ಆಗ ರೂಟರ್ ಆಫ್-ಆನ್ ಮಾಡಿ ಏನೂ ಪ್ರಯೋಜನ ಇಲ್ಲ. ಲೈನ್‌ಮನ್ ಬಂದು ತುಂಡನ್ನು ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಕಾಯಿಸಿ ಬೆಸೆಯಬೇಕು. ಅವನು ಬಂದಾಗ "ಪವರ್ ಎಷ್ಟಿದೆ ತೋರಿಸಪ್ಪಾ" ಎಂದು ಮೀಟರ್ ನೋಡಿ. ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27ರ ಹತ್ತಿರ ಇದ್ದರೆ ಬೆಸುಗೆ ಸರಿಯಾಗಿಲ್ಲ, ಮತ್ತೆ ಮಾಡಿಸಿ. ಈ ಪ್ರಶ್ನೆ ಕೇಳುವ ಗಿರಾಕಿಯ ಮನೆಯಲ್ಲಿ ಕೆಲಸ ಸ್ವಲ್ಪ ಜಾಸ್ತಿ ಚೆನ್ನಾಗಿ ಆಗುತ್ತದೆ, ನಾನು ಕಂಡಿದ್ದೇನೆ.

ಯಾವುದನ್ನು ನಂಬುವುದು ಅಂದಿರಿ. ಮಲೆನಾಡಿನಲ್ಲಿ ಎರಡನ್ನೂ ಇಟ್ಟುಕೊಳ್ಳುವುದೇ ಸರಿ. ಡಿಶ್ ಕಾಲು ಗಂಟೆ ಹೋಗಿ ಬರುತ್ತದೆ, ಫೈಬರ್ ಹೋದರೆ ಮೂರು ದಿನ. ದುಡ್ಡು ದಂಡ ಅನ್ನಿಸಿದರೆ ಎರಡನೆಯದಾಗಿ ಡಿಡಿ ಫ್ರೀ ಡಿಶ್ ಹಾಕಿಸಿ. ಒಮ್ಮೆ ಬಾಕ್ಸ್, ಡಿಶ್ ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ನಿಮಗೆ ಬೇಕಾದ ಖಾಸಗಿ ಕನ್ನಡ ಚಾನೆಲ್ ಇಲ್ಲ ಎಂದು ಬೇಸರ ಆಗಬಹುದು, ಚಂದನವಂತೂ ಇದೆ. ಮತ್ತೆ, ರೂಟರಿಗೆ ಒಂದು ಪುಟ್ಟ 12 ವೋಲ್ಟ್ ಯುಪಿಎಸ್ ತಪ್ಪದೇ ತನ್ನಿ. ಎಷ್ಟೋ ಸಲ "ನೆಟ್ ಹೋಯ್ತು" ಎಂದು ಬರುವ ಫೋನ್‌ಗಳಲ್ಲಿ ಹೋಗಿದ್ದು ಕರೆಂಟ್.

"ನಮ್ಮೂರಿಗೆ 1975ರಲ್ಲೇ ಆಕಾಶದಿಂದ ಟಿವಿ ಬಂದಿತ್ತು, ಬೆಂಗಳೂರಿನವರಿಗಿಂತ ಮೊದಲು ನಾವು ನೋಡಿದ್ದೇವೆ ಅಂತಾರೆ ನಮ್ಮ ತಾತ. ನಂಬಬಹುದಾ? ಹಾಗಿದ್ದರೆ ಈಗಿನ ಡಿಶ್‌ನಲ್ಲೇ ಇಂಟರ್ನೆಟ್ ಯಾಕೆ ಕೊಡುವುದಿಲ್ಲ? ನಮ್ಮಲ್ಲಿ ಫೈಬರ್ ಇಲ್ಲ."
— ಸೇಡಂ ತಾಲ್ಲೂಕಿನಿಂದ ಒಬ್ಬ ಯುವತಿ

ತಾತನ ಕಾಲಿಗೆ ನನ್ನದೊಂದು ನಮಸ್ಕಾರ ತಿಳಿಸಮ್ಮಾ. ಅವರು ಹೇಳಿದ್ದು ಅಕ್ಷರಶಃ ನಿಜ.

ಅದರ ಹೆಸರು ಸೈಟ್. ಇಸ್ರೊ, ಅಮೆರಿಕದ ನಾಸಾ ಸೇರಿ ಮಾಡಿದ ಪ್ರಯೋಗ. ನಾಸಾದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷ ನಮ್ಮ ದೇಶಕ್ಕೆ ಬಿಟ್ಟುಕೊಟ್ಟಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನೇರವಾಗಿ ಉಪಗ್ರಹದಿಂದ ಟಿವಿ. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಹತ್ತಡಿ ಅಗಲದ ಡಿಶ್, ಅದನ್ನು ಮಾಡಿದ್ದು ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ. ಬೇಸಾಯ, ಆರೋಗ್ಯ, ಶಾಲೆ ಮಕ್ಕಳ ಪಾಠ, ಕನ್ನಡದಲ್ಲೇ. ವರ್ಷ ಮುಗಿದ ಮೇಲೆ ಉಪಗ್ರಹವನ್ನು ವಾಪಸ್ ತೆಗೆದುಕೊಂಡರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ರಂದು. ತಾತ ಬೆಂಗಳೂರಿನವರಿಗಿಂತ ಆರು ವರ್ಷ ಸೀನಿಯರ್. ಅವರು ಏನೇನು ನೋಡಿದರು ಅಂತ ಕೇಳಿ ಬರೆದು ಕಳಿಸು, ಈ ಪುಟದಲ್ಲೇ ಹಾಕೋಣ.

ಇನ್ನು ಇಂಟರ್ನೆಟ್. ಉಪಗ್ರಹ ಟಿವಿ ಅಂದರೆ ಜಾತ್ರೆಯ ಮೈಕ್ ಇದ್ದ ಹಾಗೆ. ಒಬ್ಬ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಮೈಕ್‌ಗೆ ಒಂದೇ ಶ್ರಮ. ಇಂಟರ್ನೆಟ್‌ನಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಕೇಳುತ್ತಾರೆ, ಒಬ್ಬೊಬ್ಬರ ಕಿವಿಗೂ ಬೇರೆ ಉತ್ತರ ಹೇಳಬೇಕು. ಅದೂ ಅಲ್ಲದೆ ನಿಮ್ಮ ಡಿಶ್‌ಗೆ ಕಿವಿ ಮಾತ್ರ ಇದೆ, ಬಾಯಿ ಇಲ್ಲ. ಮೇಲಕ್ಕೆ ಕಳಿಸುವ ಯಂತ್ರವೇ ಅದರಲ್ಲಿಲ್ಲ. ಇದ್ದರೂ 36,000 ಕಿಲೋಮೀಟರ್ ಮೇಲಕ್ಕೆ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡ್. ಸಿನಿಮಾಕ್ಕೆ ಪರವಾಗಿಲ್ಲ, ವಿಡಿಯೊ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತೀರಿ. ಸ್ಟಾರ್‌ಲಿಂಕ್‌ನಂಥವರು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸಾವಿರಾರು ಪುಟ್ಟ ಉಪಗ್ರಹ ಬಿಟ್ಟಿರುವುದು ಇದಕ್ಕೇ. ಅವರಿಗೆ 2025ರ ಜೂನ್‌ನಲ್ಲಿ ನಮ್ಮ ದೇಶದ ಲೈಸೆನ್ಸ್ ಸಿಕ್ಕಿತು. ನಿಮ್ಮಲ್ಲಿ 5ಜಿ ಚೆನ್ನಾಗಿ ಸಿಗುತ್ತಿದ್ದರೆ ಏರ್‌ಫೈಬರ್ ವಿಚಾರಿಸು, ಟವರ್‌ನಿಂದ ಮನೆ ಮೇಲಿನ ಡಬ್ಬಕ್ಕೆ ಗಾಳಿಯಲ್ಲೇ ಬರುತ್ತದೆ.

"ಅನ್‌ಲಿಮಿಟೆಡ್ ಅಂತಾರೆ, ಕೆಳಗೆ ಸಣ್ಣ ಅಕ್ಷರದಲ್ಲಿ 3,300 ಜಿಬಿ ಅಂತಿದೆ. ಸಾಕಾಗುತ್ತಾ?" — ಮಂಡ್ಯ

ಎಚ್‌ಡಿ ಚಿತ್ರ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. 3,300 ಜಿಬಿ ಅಂದರೆ 1,100 ಗಂಟೆ. ಮೂವತ್ತು ದಿನದಲ್ಲಿ ಇರುವುದೇ 720 ಗಂಟೆ. ನಿದ್ದೆ ಮಾಡಿ.

"ಫೋನಿನ ಹಾಟ್‌ಸ್ಪಾಟ್‌ನಲ್ಲೇ ಟಿವಿ ನೋಡಬಹುದಾ? ದಿನಕ್ಕೆ 2 ಜಿಬಿ ಇದೆ." — ಗಂಗಾವತಿ

ಮೇಲಿನ ಲೆಕ್ಕವನ್ನೇ ಮಾಡಿ ನೋಡಿ. ಎಚ್‌ಡಿಯಲ್ಲಿ ನಲವತ್ತು ನಿಮಿಷ. ಸಿನಿಮಾದ ಇಂಟರ್‌ವಲ್ ತನಕವೂ ಬರುವುದಿಲ್ಲ.

"ನಾನೂ ಕೇಬಲ್ ಆಪರೇಟರ್. 420 ಕನೆಕ್ಷನ್ ಇತ್ತು, ಈಗ 130. ಮುಚ್ಚಿಬಿಡಲಾ ಅಣ್ಣಾ?"
— ಹಾವೇರಿ ಜಿಲ್ಲೆ

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ನನ್ನ ಹತ್ತಿರ ಒಂದು ಕಾಲಕ್ಕೆ 550 ಇತ್ತು. ಡಿಜಿಟಲ್ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆದಾಗ ನೂರು ಹೋಯಿತು. ಡಿಶ್‌ನವರು ಬಂದರು, ಇನ್ನೊಂದಷ್ಟು ಹೋಯಿತು. ನಿಜವಾಗಿ ನೆಲ ಕುಸಿದದ್ದು ಫೋನಿನಲ್ಲಿ ಡೇಟಾ ಅಗ್ಗ ಆದಾಗ.

ಮುಚ್ಚಬೇಡ. ಮಾರುವ ಸರಕು ಬದಲಾಯಿಸು. ನಿನ್ನ ಹತ್ತಿರ ಇರುವುದು ಚಾನೆಲ್ ಅಲ್ಲ. ಯಾವ ಕಂಬದಿಂದ ಯಾವ ಮನೆಗೆ ದಾರಿ, ಯಾರ ಮನೆ ನಾಯಿ ಕಚ್ಚುತ್ತದೆ, ಯಾರು ಒಂದನೇ ತಾರೀಖು ದುಡ್ಡು ಕೊಡುತ್ತಾರೆ ಎಂಬ ಲೆಕ್ಕ. ದೊಡ್ಡ ಕಂಪನಿಗಳಿಗೆ ಅದು ಗೊತ್ತಿಲ್ಲ. ಬಿಎಸ್‌ಎನ್‌ಎಲ್ ಸೇರಿದಂತೆ ಎಷ್ಟೋ ಕಂಪನಿಗಳು ಹಳ್ಳಿಗಳಲ್ಲಿ ಫೈಬರ್ ಕೊಡುತ್ತಿರುವುದು ನಮ್ಮಂಥವರ ಮೂಲಕವೇ. ಆ 130 ಮನೆಯಿಂದ ಶುರು ಮಾಡು. ಮೊದಲು ಸ್ಪ್ಲೈಸಿಂಗ್ ಮೆಷಿನ್ ಕೊಳ್ಳಬೇಡ, ಬಾಡಿಗೆಗೆ ತಾ. ಸಾಲ ಮಾಡಿ ಮೆಷಿನ್ ತಂದು ನಾನು ಒಂದು ವರ್ಷ ಬಡ್ಡಿ ಕಟ್ಟಿದ್ದೇನೆ. ಕೇಬಲ್ ಬೇಕು ಅನ್ನುವ ಮನೆಗಳಿಗೆ ಅದನ್ನೂ ಕೊಡುತ್ತಿರು. ಅಂಥ ಮನೆಗಳಲ್ಲಿ ನಮ್ಮಮ್ಮನಂಥವರು ಇರುತ್ತಾರೆ. ಮುಂದಿನ ತಿಂಗಳು ಹಾವೇರಿ ಕಡೆ ಬರುವುದಿದೆ, ನಿನ್ನ ಹೆಡ್‌ಎಂಡ್, ಅಂದರೆ ಚಾನೆಲ್ ಹಿಡಿದು ಊರಿಗೆ ಬಿಡುವ ಆ ಕೋಣೆ, ನೋಡಿಕೊಂಡು ಹೋಗುತ್ತೇನೆ. ಹಳೇ ಸಿ ಬ್ಯಾಂಡ್ ಡಿಶ್ ಇದ್ದರೆ ಗುಜರಿಗೆ ಹಾಕಬೇಡ. ನನ್ನದನ್ನು ಬೋರಲು ಹಾಕಿ ಕೋಳಿ ಗೂಡಿಗೆ ಸೂರು ಮಾಡಿದ್ದೇನೆ, ಒಂದು ಹನಿ ಸೋರುವುದಿಲ್ಲ.

ಪ್ರಶ್ನೆ ಕಳಿಸುವವರಲ್ಲಿ ಒಂದು ಮನವಿ. "ನೆಟ್ ಬರ್ತಿಲ್ಲ, ಏನು ಮಾಡಲಿ" ಎಂದಷ್ಟೇ ಬರೆದರೆ ನನಗೆ ಏನೂ ಗೊತ್ತಾಗುವುದಿಲ್ಲ. ರೂಟರ್ ಎಲ್ಲಿಟ್ಟಿದ್ದೀರಿ, ಅದರ ಮೇಲೆ ಯಾವ ದೀಪ ಯಾವ ಬಣ್ಣದಲ್ಲಿ ಉರಿಯುತ್ತಿದೆ, ಇಷ್ಟು ಬರೆಯಿರಿ. ಅದರ ಮೇಲೆ ಹೂದಾನಿ ಇಟ್ಟಿದ್ದರೆ ಅದನ್ನೂ ಬರೆಯಿರಿ.